ಕೂಗದ ಕತ್ತೆಯವರಲ್ಲಿ ಒಂದು ಬಿನ್ನಹ

ಮಾರ್ಗೇಟ್ ಕಡಲತೀರದಲ್ಲಿ ಮಕ್ಕಳನ್ನು ಹೊತ್ತು ಸೇವೆ ಸಲ್ಲಿಸುತ್ತಿರುವ ಮಾನ್ಯ ಬಾರ್ನಬಿ ಕತ್ತೆಯವರೇ,

ಒಂದು ಮಾತನ್ನು ಬರೆಯದೇ ಬಿಡುವವಳಿದ್ದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಕಳೆದ ನವೆಂಬರಿನಲ್ಲಿ, ತಮ್ಮ ಚಳಿಗಾಲದ ಬಿಡುವಿನಲ್ಲಿ, ತಾವು ಲಂಡನ್ನಿನ ನಮ್ಮ ಸ್ಟುಡಿಯೋಗೆ ದಯಮಾಡಿಸಿದ್ದ ದಿನ, ಬಾಗಿಲ ಮೇಲೆ ಧ್ವನಿಮುದ್ರಣದ ಕೆಂಪು ದೀಪ ಉರಿಯುತ್ತಿದ್ದುದನ್ನು ನೋಡಿಯೂ ನಾನು ಚಹಾದ ಗಾಡಿಯನ್ನು ಒಳಗೆ ತಳ್ಳಿದೆ. ಹನ್ನೊಂದು ಗಂಟೆಯ ಚಹಾ ವಾದ್ಯಗಾರರ ಸಂಘದ ಹಕ್ಕು ಎಂದು ಆಮೇಲೆ ವಾದಿಸಿದೆ. ನಿಜವೆಂದರೆ, ಲಿಫ್ಟಿನಲ್ಲಿ ಮೂರನೇ ಮಹಡಿಗೆ ಬಂದ ಕತ್ತೆಯನ್ನು ನೋಡುವ ಆಸೆ.

‘ಮಂಗಳ ಗ್ರಹದ ಕತ್ತೆ’ ಎಂಬ ಆ ವಾದ್ಯಸಂಗೀತಕ್ಕೆ ಮೂರು ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಸೈಕಲ್ ಪಂಪು, ನೀರು ತುಂಬಿದ ಬಕೆಟ್ಟು ಎಲ್ಲವೂ ಒದಗಿದ್ದವು. ಕೊರತೆಯಿದ್ದದ್ದು ತಮ್ಮ ಕಂಠವೊಂದೇ. ನಿರ್ಮಾಪಕ ಆಸ್ಕ್ಯೂ ಅವರು ತಮ್ಮ ಮುಂದೆ ಮೊಣಕಾಲೂರಿ, “ಒಂದೇ ಒಂದ್ಸಲ ಅರಚಪ್ಪಾ, ನನ್ನ ರಾಜಾ” ಎಂದು ಬೇಡಿಕೊಂಡಾಗ ತಾವು ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ಸ್ವರಲಿಪಿಯ ಎರಡು ಹಾಳೆ ತಿಂದಿರಿ, ತುಟಿ ಪಿಟಕ್ಕೆನ್ನಲಿಲ್ಲ. “ನಮ್ಮ ಗಾಯಕರಿಗಿಂತ ಇವನೇ ವಾಸಿ ಬಿಡ್ರಪ್ಪ, ಅಪಸ್ವರ ಅಂತೂ ಇಲ್ಲ” ಅಂದ ಡ್ರಮ್ಮಿನ ಡೆನ್ಜಿಲ್. ಅಷ್ಟರಲ್ಲಿ ನನ್ನ ಗಾಡಿಯ ಹಿಂದಿನ ಚಕ್ರ ಈಂ… ಹಾಂ… ಎಂದು ಕಿರುಗುಟ್ಟಿತು. “ನಿಲ್ಲಿಸ್ಬೇಡಿ ಎನಿಡಕ್ಕಾ, ಇನ್ನೊಂದು ಸುತ್ತು ತಳ್ಳಿ!” ಎಂದು ಆಸ್ಕ್ಯೂ ಕೂಗಿದರು. ತಳ್ಳಿದೆ. ಹನ್ನೆರಡು ಸುತ್ತು. ಚಹಾ ಆರಿಹೋಯಿತು.

ಈಗ ಆ ರೆಕಾರ್ಡು ದೇಶದ ಜನಪ್ರಿಯ ಪಟ್ಟಿಯಲ್ಲಿ ಒಂಬತ್ತನೆಯದು. ಅದರ ಹೊದಿಕೆಯ ಮೇಲೆ ತಮ್ಮ ಭಾವಚಿತ್ರ, ಕೆಳಗೆ ‘ಕಂಠದಾನ: ಬಾರ್ನಬಿ’. ನನ್ನ ಕಡತದಲ್ಲಿ ಅದೇ ದಿನಾಂಕದ ಮುಂದೆ ‘ಧ್ವನಿಮುದ್ರಣಕ್ಕೆ ಅಡ್ಡಿ’ ಎಂಬ ಎಚ್ಚರಿಕೆ. ಆ ಸದ್ದು ನನ್ನ ಗಾಡಿಯದು, ಎಚ್ಚರಿಕೆಯನ್ನು ಅಳಿಸಿರೆಂದು ಕೇಳಿದ್ದಕ್ಕೆ ಕಂಪನಿಯವರು ವಿಚಾರಣೆಯನ್ನೇ ಇಟ್ಟಿದ್ದಾರೆ: ಬರುವ ಶುಕ್ರವಾರ, ಆ ಸದ್ದು ಕತ್ತೆಯದೇ ಎಂದು ನಾನು ರುಜು ಹಾಕಬೇಕು, ಇಲ್ಲವೇ ಹತ್ತೊಂಬತ್ತು ವರ್ಷದ ಕೆಲಸ ಬಿಡಬೇಕು. ರುಜು ಹಾಕಿದರೆ ಕಳೆದುಕೊಳ್ಳುವುದೇನು ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಒಂದು ಚಕ್ರದ ಕಿರುಗುಟ್ಟುವ ಸದ್ದಿಗೆ ಇಷ್ಟು ಹಠ ಹಿಡಿಯುವುದು ಅಹಂಕಾರವಲ್ಲವೇ? ಇರಬಹುದು. ಆದರೂ ದಿನಸಿ ಅಂಗಡಿಯ ರೇಡಿಯೋದಲ್ಲಿ ಅದು ಕೇಳಿಬಂದಾಗಲೆಲ್ಲ ನನ್ನ ಎರಡೂ ಕೈ ಗಾಡಿ ಹಿಡಿದಂತೆ ತಾವಾಗಿಯೇ ಮುಂದಕ್ಕೆ ಚಾಚಿಕೊಳ್ಳುತ್ತವೆ.

ಆದ್ದರಿಂದ ತಾವು ಶುಕ್ರವಾರ ಹತ್ತು ಗಂಟೆಗೆ ವಿಚಾರಣೆಗೆ ಬಂದು, ಅಂದು ಏನು ಹೇಳಿದಿರೋ ಅಷ್ಟನ್ನೇ ಮತ್ತೊಮ್ಮೆ ಹೇಳಬೇಕೆಂದು ವಿನಯದಿಂದ ಕೋರುತ್ತೇನೆ. ಅದಾಗದಿದ್ದರೆ, ಮಾರಾಟವಾದ ರೆಕಾರ್ಡುಗಳನ್ನೆಲ್ಲ ಮನೆಮನೆಯಿಂದ ವಾಪಸು ತರಿಸಿ, ನನ್ನ ‘ಅಡ್ಡಿ’ಯನ್ನಷ್ಟೇ ಅವುಗಳಿಂದ ಕೆರೆದು ತೆಗೆಯುವಂತೆ ತಮ್ಮ ಪ್ರಭಾವ ಬಳಸಿ ಕಂಪನಿಗೆ ತಿಳಿಸೋಣವಾಗಲಿ.

ಕಲಾಕ್ಷೇತ್ರದಲ್ಲಿ ತಮಗಿಂತ ಕಿರಿಯಳು,
ತಮ್ಮ ವಿಶ್ವಾಸಿ,
ಎನಿಡ್ ಗಾರ್ಸೈಡ್
ಚಹಾ ವಿಭಾಗ

ತಾ.ಕ.: ಇಂದು ಬೆಳಿಗ್ಗೆ ಕಂಪನಿಯ ರಿಪೇರಿಯವರು, ನಾನು ಕೇಳದೆಯೇ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಗಾಡಿಯ ಚಕ್ರಗಳಿಗೆ ಎಣ್ಣೆ ಹಾಕಿ ಹೋಗಿದ್ದಾರೆ. ಈಗ ಗಾಡಿಯೂ ತಮ್ಮಷ್ಟೇ ಮೌನಿ. ಹಾಗಾಗಿ ಶುಕ್ರವಾರ ಬಾಯಿ ಬಿಡಬೇಕಾದವಳು ನಾನೊಬ್ಬಳೇ. ನಾನು ರುಜು ಹಾಕುವುದಿಲ್ಲ. ಈ ಪತ್ರದ ಒಂದು ಪ್ರತಿ ಪತ್ರಿಕೆಗೆ, ಒಂದು ತಮ್ಮ ಲಾಯಕ್ಕೆ. ಎರಡನ್ನೂ ೧೯೬೩ರ ಮಾರ್ಚ್ ೧೩, ಬುಧವಾರ ಅಂಚೆಗೆ ಹಾಕುತ್ತೇನೆ.