ಮುಖ ಬೇರೆ, ಲೆಕ್ಕ ಬೇರೆ

ಗೋದುಬಾಯಿಗೆ ಕರಿ ಬಣ್ಣ ಆಗಿಬರುವುದಿಲ್ಲ. ಅಂಬೇವಾಡಿಯ ಕಲ್ಯಾಣಮಂಟಪದ ಕಮಿಟಿಗೆ ಸೇರಿದ ಮೊದಲ ವಾರವೇ ಆಕೆ ಮಂಟಪದ ವೆಬ್‌ಸೈಟಿನ ಕರಿ ಅಕ್ಷರಗಳನ್ನು ಕೆಂಪು ಮಾಡಿಸಿದರು. ಮಾಡಿದವನು ಮಂಟಪದ ಕಂಪ್ಯೂಟರ್ ನೌಕರ ಪರಶುರಾಮ. ಅವನು ಬರೆದಿದ್ದ ಆ ಸೈಟಿನಲ್ಲಿ ಬಣ್ಣ, ಫೋಟೊ, ತಾರೀಖಿನ ಲೆಕ್ಕ ಎಲ್ಲವೂ ಒಂದೇ ಫೈಲಿನಲ್ಲಿ ಚುರುಮುರಿಯಂತೆ ಕಲಸಿಕೊಂಡಿದ್ದವು. ಅಕ್ಷರ ಕೆಂಪಾಯಿತು, ಜೊತೆಗೆ ಬುಕ್ ಆಗಿದ್ದ ತಾರೀಖು ಖಾಲಿಯಾಗಿ ಇನ್ನೊಬ್ಬರಿಗೂ ಹೋಯಿತು. ಹಳಿಯಾಳದ ದಿಬ್ಬಣವೂ ಕ್ಯಾಸಲ್‌ರಾಕಿನ ದಿಬ್ಬಣವೂ ಒಂದೇ ಮುಂಜಾನೆ ಮಂಟಪದ ಬಾಗಿಲಿಗೆ ಬಂದು ನಿಂತವು.

"ಕಾಣೂ ಮುಖ ಬ್ಯಾರೆ, ಒಳಗಿನ ಲೆಕ್ಕ ಬ್ಯಾರೆ ಇಡಬೇಕ್ರಿ!" ಎಂದು ಮಂಟಪದ ಇನ್ನೊಬ್ಬ ಕಂಪ್ಯೂಟರ್ ನೌಕರ ಪುಂಡಲೀಕ ಅಂದೇ ಗುಡುಗಿದ. ಇಬ್ಬರೂ ಟೆಂಪರರಿ, ಕಾಯಂ ಜಾಗ ಒಂದೇ. ಪರಶುರಾಮ ಪಾತ್ರೆ-ಬಾಡಿಗೆಯ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳಲಿ, ವೆಬ್‌ಸೈಟನ್ನು ಪುಂಡಲೀಕ ಹೊಸದಾಗಿ ಬರೆಯಲಿ, ಆಮೇಲೆ ಕಾಯಂ ಯಾರನ್ನು ಮಾಡುವುದೆಂದು ನೋಡೋಣ ಎಂದಿತು ಕಮಿಟಿ.

ಅದನ್ನು ನೋಡುವ ದಿನ ಬಂತು. ಅಧ್ಯಕ್ಷ ಮಲಕಪ್ಪನವರು ಪೇಪರ್ ಮಿಲ್ಲಿನ ನಿವೃತ್ತ ಫೋರಮನ್. ಯಾವ ಮಷೀನನ್ನೂ ಕೈಯಿಂದ ಮುಟ್ಟದೆ ನಂಬುವವರಲ್ಲ.

"ಸೈಟು ಕಟ್ಟಾಕ ಮೂರು ಪದ್ಧತಿ ನೋಡಿದ್ನಿರಿ ಸಾಹೇಬ್ರ," ಪುಂಡಲೀಕ ಶುರುಮಾಡಿದ. "ಸ್ಟ್ರಟ್ಸ್ ಅಂತ ಒಂದೈತಿ. ಭಾಳ ಶಿಸ್ತು, ಆದ್ರ ಬಾಗಲಾ ತೆಗಿಯಾಕೂ ಅರ್ಜಿ ಕೊಡಬೇಕು. ಕೋಡ್‌ಇಗ್ನೈಟರ್ ಹಗುರ ಐತಿ, ಆದ್ರ ನಾವು ಮುಖ-ಲೆಕ್ಕ ಬೆರಸ್ತೇವಿ ಅಂದ್ರ ಅದು ಬ್ಯಾಡ ಅನ್ನೂದಿಲ್ಲ. ಕೇಕ್‌ಪಿಎಚ್‌ಪಿ ಮನ್ಯಾಗಿನ ಅತ್ತಿ ಇದ್ದಂಗ. ಯಾವ ಫೈಲು ಎಲ್ಲಿಡಬೇಕು, ಏನ ಹೆಸರಿಡಬೇಕು ಎಲ್ಲಾ ಅದ ಹೇಳ್ತೈತಿ. ನಾ ಅದನ್ನ ತಗೊಂಡೀನಿ."

"ಕೇಕಾ? ತತ್ತಿ ಹಾಕಿರ್ತಾರೇನು?" ಗೋದುಬಾಯಿ ಸೆರಗನ್ನು ಮೂಗಿಗೆ ಹಿಡಿದರು.

"ಬರೇ ಹೆಸರು ರೀ ಬಾಯಾರ."

ಪರಶುರಾಮ ನಕ್ಕ. "ನಂದು ಒಂದ ಫೈಲಿತ್ರಿ. ಇವರದು ನೋಡ್ರಿ, ಒಂದು ಮದುವಿಗೆ ರಾಶಿ ಫೈಲು!"

"ಅಡಗಿ ಮಾಡಾಂವ ಬ್ಯಾರೆ, ಪಂಗತಿಗೆ ಬಡಸಾಂವ ಬ್ಯಾರೆ ಅಲ್ಲೇನ್ರಿ?" ಪುಂಡಲೀಕನಿಗೆ ಸಿಟ್ಟು ನೆತ್ತಿಗೇರಿತು. "ಬಡಸಾಂವ ಅಂಗಿ ಬದಲ ಮಾಡಿದ್ರ ಸಾರು ಕೆಡಬಾರದು. ಬರ್ರಿ, ಯಾರ ಬೇಕಾದ್ರೂ ಈ ಮುಖಕ್ಕ ಕೈ ಹಚ್ಚರಿ. ಲೆಕ್ಕ ಕೆಟ್ರ ನನ್ನ ಹೆಸರು ಬದಲ ಮಾಡ್ರಿ!"

ಕಮಿಟಿಗೆ ಇಂಥ ಆಹ್ವಾನ ಯಾರೂ ಕೊಡಬಾರದು. ಗೋದುಬಾಯಿ ಇಡೀ ಪುಟಕ್ಕೆ ಅರಿಸಿನ ಬಳಿಸಿದರು. ಮಲಕಪ್ಪನವರು ತಮ್ಮ ಫೋಟೊವನ್ನು ಎಲ್ಲಕ್ಕಿಂತ ಮೇಲೆ ಹಾಕಿಸಿದರು. ಎದುರಿನ ಹೂವಿನಂಗಡಿಯ ನೀಲಕ್ಕ, ಮೌಸು ಮುಟ್ಟಿಯೇ ಗೊತ್ತಿಲ್ಲದವಳು, ಪುಂಡಲೀಕ ಒಮ್ಮೆ ತೋರಿಸಿಕೊಟ್ಟದ್ದೇ ಸಾಕಾಗಿ, ಪುಟದ ಮೇಲಿನ ತುದಿಯಿಂದ ಚೆಂಡುಹೂವಿನ ಮಾಲೆಯ ಚಿತ್ರ ಇಳಿಬಿಟ್ಟಳು. ಪ್ರತಿ ಸಲವೂ ಮಲಕಪ್ಪನವರು ಬುಕ್ ಆದ ತಾರೀಖು ಒತ್ತಿ ನೋಡಿದರು. ಪ್ರತಿ ಸಲವೂ ಸೈಟು "ಜಾಗ ಇಲ್ಲ" ಎಂದಿತು.

ಪುಂಡಲೀಕ ಎದೆಯುಬ್ಬಿಸಿ ಚಹಾ ತರಿಸಿದ. ಚಹಾ ಮುಗಿಯುವುದರೊಳಗೆ ಮುಂಡಗೋಡದಿಂದ ಮಲಕಪ್ಪನವರ ಅಳಿಯನ ಫೋನು ಬಂತು. ಎತ್ತಿದವನು ಪರಶುರಾಮ.

"ಮಾಮಾರು ಹೋಗಿದ್ದು ನಮಗ್ಯಾಕ ಹೇಳಲಿಲ್ರಿ?" ಆ ಕಡೆ ಗೊಳೋ ಅಳು.

ಎಲ್ಲರೂ ಪರದೆಯತ್ತ ತಿರುಗಿದರು. ನೀಲಕ್ಕನ ಮಾಲೆ ನೆಟ್ಟಗೆ ಅಧ್ಯಕ್ಷರ ಫೋಟೊದ ಕೊರಳಿಗೇ ಬಿದ್ದಿತ್ತು. ಅಷ್ಟರಲ್ಲಿ ಮೊಬೈಲಿನಲ್ಲಿ ಅದೇ ಪುಟ ನೋಡಿ ಓಣಿಯ ಹೊಳೆವ್ವ ಅಳುತ್ತ ಒಳಗೆ ಬಂದವಳು, ಕುರ್ಚಿಯಲ್ಲಿ ಬಿಸ್ಕೀಟು ತಿನ್ನುತ್ತಿದ್ದ ಮಲಕಪ್ಪನವರನ್ನು ಕಂಡು ಚೀರಿ ಹೊರಗೋಡಿದಳು.

"ಜೀವಂತ ಕುಂತಾಂವಗ ಹಾರ ಹಾಕ್ತೀಯೇನಲೇ!" ಮಲಕಪ್ಪನವರು ಪುಂಡಲೀಕನತ್ತ ತಿರುಗಿ ಎದ್ದು ನಿಂತರು.

ಬೇರೆ ಯಾರಾದರೂ ಕಾಲಿಗೆ ಬೀಳುತ್ತಿದ್ದರು. ಪುಂಡಲೀಕ ಜಗ್ಗಲಿಲ್ಲ. "ತಪ್ಪಿದ್ದು ಮುಖರಿ, ಲೆಕ್ಕ ಅಲ್ಲ! ಇಲ್ನೋಡ್ರಿ, ನಿಮ್ಮ ಅಳಿಯಾ ನಿಮ್ಮ ತಿಥಿಗೆ ಮಂಟಪ ಬುಕ್ ಮಾಡ್ಯಾರ. ಮದುವಿ ಇದ್ದ ದಿನ ಕೇಳಿದ್ರು, ಸೈಟು ಕೊಡಲಿಲ್ಲ. ಖಾಲಿ ಇದ್ದ ದಿನಾನ ಕೊಟ್ಟೈತಿ!"

ಮಲಕಪ್ಪನವರು ಬಗ್ಗಿ ತಮ್ಮ ತಿಥಿಯ ತಾರೀಖನ್ನು ಎರಡು ಸಲ ಓದಿದರು. ಸಿಟ್ಟು ಇಳಿದು ಒಳಗಿನ ಫೋರಮನ್ ಎಚ್ಚರಾದ. ನೀಲಕ್ಕ ತಾನೇ ಮೌಸು ಹಿಡಿದು ಮಾಲೆಯನ್ನು ಪಕ್ಕಕ್ಕೆ ಸರಿಸಿದಳು. ಬುಕ್ಕಿಂಗು ಅಲುಗಲಿಲ್ಲ.

"ತಮ್ಮಾ, ನಿಂದ ಖರೆ. ನೀ ಗೆದ್ದಿ," ಎಂದರು ಮಲಕಪ್ಪನವರು. ಪುಂಡಲೀಕನಿಗೆ ಕಣ್ಣು ತುಂಬಿ ಬಂತು. ಅಧ್ಯಕ್ಷರು ಮುಂದುವರಿಸಿದರು: "ಮುಖ ಬದಲ ಮಾಡಾಕ ನೀಲಕ್ಕ ಅದಾಳ. ಲೆಕ್ಕ ಯಾರ ಏನ ಮಾಡಿದ್ರೂ ಕೆಡೂದಿಲ್ಲ. ಮತ್ತ ನಿನ್ನ ಕಾಯಂ ಮಾಡಿ ಏನ ಕೆಲಸ ಹೇಳೂಣು?"

"ಸಾಹೇಬ್ರ!"

"ಪರಶುರಾಮ ಒಂದಿನ ಬರಲಿಲ್ಲಂದ್ರ ಒಂದು ಚಮಚಾದ ಲೆಕ್ಕಾ ಸಿಗೂದಿಲ್ಲ. ಅವನ ಪ್ರೋಗ್ರಾಂ ಅವಗ ಬಿಟ್ರ ಮತ್ಯಾರಿಗೂ ತಿಳಿಯೂದಿಲ್ಲ. ಅಂಥಾವನ್ನ ಹೆಂಗ ಬಿಡೂದು? ಅವನ್ನ ಕಾಯಂ ಮಾಡೇವಿ."

ಗೋದುಬಾಯಿ ಕೈಯೆತ್ತಿ ಒಪ್ಪಿದರು.

"ಆದ್ರೂ ನಾ ಬೆರಸೂದಿಲ್ಲ!" ಪುಂಡಲೀಕ ಮೇಜು ಗುದ್ದಿದ. "ನಾಳೆ ಆ ಪಾತ್ರೆ ಲೆಕ್ಕಾನೂ ಬಿಡಿಸಿ ಬ್ಯಾರೆ ಬ್ಯಾರೆ ಇಡ್ತೇನಿ, ನೋಡ್ಕೋತ ಇರ್ರಿ!"

ಪರಶುರಾಮ ಗಡಬಡಿಸಿ ಕಂಪ್ಯೂಟರಿನ ಮುಂದೆ ಕೂತು ಪಾತ್ರೆ ಲೆಕ್ಕಕ್ಕೆ ಹೊಸ ಪಾಸ್‌ವರ್ಡ್ ಹಾಕಿದ. ಕಾಯಂ ನೌಕರನಾಗಿ ಅವನು ಮಾಡಿದ ಮೊದಲ ಕೆಲಸ ಅದು.