ಹೇಮಾವತೀ ನಾಮ ಮಹಾಸಮರ

ಎಲೈ ವಾಗ್ದೇವಿಯೇ, ಕಡುಗಲಿಗಳ ಕಾಳಗಗಳನ್ನು ಯುಗಯುಗಗಳಿಂದ ಹಾಡಿ ಹಾಡಿ ನಿನ್ನ ಕೊರಳು ಬಳಲಿದ್ದೀತು. ಒಂದು ಲೋಟ ಬಿಸಿನೀರು ಕುಡಿದು, ತುಸು ಸುಧಾರಿಸಿಕೊಂಡು, ಈ ಕಡೆಗೆ ದಯಮಾಡಿಸು. ರಥವಿಲ್ಲದ, ಗಜವಿಲ್ಲದ, ತುರಗವಿಲ್ಲದ, ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿಗಳೂ ಒಂದು ಟೇಬಲ್ ಫ್ಯಾನೂ ಮಾತ್ರವಿದ್ದ ರಣರಂಗವೊಂದರ ಕಥೆ ನಿನ್ನ ನಾಲಿಗೆಗಾಗಿ ಕಾದಿದೆ.

ಅದು ಕಲಿಯುಗ. ಕಲಿಯುಗದಲ್ಲಿಯೂ, ಎಲ್ಲರ ಕೈಗೂ ಮೊಬೈಲು ಬಂದು ಯಾರ ನಂಬರೂ ಯಾರ ಬಾಯಿಗೂ ಬಾರದಂತಾದ ಮಹಾವಿಸ್ಮೃತಿಯ ಕಾಲ. ಆ ಕಾಲದಲ್ಲಿ, ಏರುತಗ್ಗುಗಳಿಂದ ರಮಣೀಯವೂ ಸ್ಪೀಡ್‌ಬ್ರೇಕರುಗಳಿಂದ ದುರ್ಗಮವೂ ಆಗಿದ್ದ ಸಂಪಿಗೆ ಬಡಾವಣೆಯೆಂಬ ಭೂಭಾಗದಲ್ಲಿ, ಬಾಲಕಿಯರ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿ, ಸಹಸ್ರಾರು ಬಾಲಿಕೆಯರ ಶಿರಸ್ಸುಗಳಲ್ಲಿ ಅಕ್ಷಾಂಶ ರೇಖಾಂಶಗಳನ್ನು ಪ್ರತಿಷ್ಠಾಪಿಸಿ, ನಿವೃತ್ತಿ ಹೊಂದಿ, ತನ್ನ ಎಡಮಂಡಿಯೊಂದನ್ನು ಬಿಟ್ಟರೆ ಬೇರಾವ ಶತ್ರುವನ್ನೂ ಅರಿಯದೆ ಬಾಳುತ್ತಿದ್ದ ಭೂಗೋಳವಿಶಾರದೆ, ಸಾಧ್ವೀಶಿರೋಮಣಿ, ಶ್ರೀಮತಿ ಎಚ್. ಎಸ್. ಹೇಮಾವತಿ ಇದ್ದಳು.

ಆದರೆ ಅಷ್ಟು ಚಂದದ ಹೆಸರಿನಿಂದ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಬಡಾವಣೆಯ ಮಹಿಳಾ ಸಮಾಜದಲ್ಲಿ ಆಕೆ 'ಕಲ್ಲಿಡ್ಲಿ ಹೇಮಾವತಿ'.

ಹತ್ತೊಂಬತ್ತು ವರ್ಷಗಳ ಹಿಂದೆ, ಪುಷ್ಯಮಾಸದ ಚಳಿಯಲ್ಲಿ, ಸಮಾಜದವರೆಲ್ಲ ಪಿಕ್‌ನಿಕ್ಕಿಗೆ ಹೊರಟಾಗ ಆಕೆ ನೂರಿಪ್ಪತ್ತು ಇಡ್ಲಿಗಳನ್ನು ಬೇಯಿಸಿ ಒಯ್ದಿದ್ದಳು. ಚಳಿಗೆ ಹಿಟ್ಟು ಹುದುಗು ಬಂದಿರಲಿಲ್ಲ. ವಜ್ರಕಠೋರವೂ ಚಂದ್ರಧವಳವೂ ಆಗಿದ್ದ ಆ ಇಡ್ಲಿಗಳು ಇಪ್ಪತ್ತೆಂಟು ದಂತಪಂಕ್ತಿಗಳನ್ನು ಒಂದೇ ಮುಂಜಾವಿನಲ್ಲಿ ಹಿಮ್ಮೆಟ್ಟಿಸಿದವು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲವೆನ್ನುವುದನ್ನೂ ಹೇಳಬೇಕು. ಚಟ್ನಿ ಬಹಳ ಚೆನ್ನಾಗಿದೆಯೆಂದು ಎರಡೆರಡು ಸಲ ಹಾಕಿಸಿಕೊಂಡರು. ಆದರೆ ಬಸ್ಸು ಮರಳಿ ಊರು ಸೇರುವಷ್ಟರಲ್ಲಿ ಹೆಸರು ಹುಟ್ಟಿಬಿಟ್ಟಿತ್ತು. ಅಂದು ಆ ಇಡ್ಲಿಯನ್ನು ಕಚ್ಚಿದ ಹಲ್ಲುಗಳಲ್ಲಿ ಅರ್ಧಕ್ಕರ್ಧ ಈಗ ಉದುರಿಹೋಗಿವೆ. ಹೆಸರು ಮಾತ್ರ ಅಲುಗಾಡಿಲ್ಲ.

ಹೆಸರಿಗೊಂದು ಗುರುತು ಬೇಕಾದದ್ದಕ್ಕೂ ಕಾರಣವಿತ್ತು. ಅದೇ ಬೀದಿಯ ಇಳಿಜಾರಿನಲ್ಲಿ ಇನ್ನೊಬ್ಬ ಎಚ್. ಎಸ್. ಹೇಮಾವತಿ ನೆಲೆಸಿದ್ದಳು. ನಮ್ಮ ಹೇಮಾವತಿ ಹುಳಿಯಾರು ಶಾಮಣ್ಣನವರ ಮಗಳು, ಇನ್ನೊಬ್ಬಳು ಹೊನ್ನವಳ್ಳಿ ಶಿವಲಿಂಗಯ್ಯನವರ ಮಗಳು. ಇನಿಷಿಯಲ್ಲಿಗೆ ಬಂದರೆ ಇಬ್ಬರೂ ಒಂದೇ. ಎರಡನೆಯವಳ ಪತಿ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದರಾಗಿ ಆಕೆ 'ಕೋರ್ಟ್ ಹೇಮಾವತಿ'. ಸಮಾಜದ ಹೊಲಿಗೆ ತರಗತಿಯನ್ನು ಇಪ್ಪತ್ತಾರು ವರ್ಷ ನಡೆಸಿದ ಸೂಚೀಧುರಂಧರೆ, ಮೇಘಗಂಭೀರಕಂಠೆ. ಆಕೆ ತನ್ನ ಗೇಟಿನಲ್ಲಿ ಮಾತಾಡಿದರೆ ಬೀದಿಯ ಮೇಲಿನ ತುದಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಇಂತಿರಲಾಗಿ, ಸಮಾಜದ ಕಾರ್ಯದರ್ಶಿನಿ, ಚುರುಕಿನ ಹೆಣ್ಣುಮಗಳು ಚಂದ್ರಕಲಾ, ಎಂಬತ್ತನಾಲ್ಕು ಸದಸ್ಯೆಯರ ಫೋನ್ ನಂಬರಿನ ಪಟ್ಟಿಯನ್ನು ಅಚ್ಚುಹಾಕಿಸಿ ಪ್ರತಿ ಮನೆಯ ಗೋಡೆಗೂ ತೂಗುಹಾಕಿಸುವ ಸಂಕಲ್ಪ ತೊಟ್ಟಳು. ಪಟ್ಟಿ ಅಂದು ಸಂಜೆಯೇ ಪ್ರೆಸ್ಸಿಗೆ ಹೋಗಬೇಕು. 'ಹ' ಅಕ್ಷರದ ಬಳಿ ಬಂದು ಆಕೆಯ ಪೆನ್ನು ನಿಂತಿತು.

"ಇಬ್ರದ್ದೂ ಎಚ್. ಎಸ್ಸೇ ಅಲ್ವಾ ಆಂಟಿ, ಯಾರಾದ್ರೂ ಒಬ್ರು ಹೆಸರಿನ ಮುಂದೆ ಏನಾದ್ರೂ ಹಾಕ್ಕೊಳ್ಳೇಬೇಕು," ಎಂದಳು ಸಭೆಯಲ್ಲಿ. ನಮ್ಮ ಹೇಮಾವತಿಯ ಮನಸ್ಸಿಗೆ ನೋವಾದೀತೆಂದು ಇಡ್ಲಿಯ ಮಾತನ್ನು ಬಾಯಿಂದ ಹೊರಬಿಡದೆ, ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರಿದೇ ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದಳು. ಆ ಗೆರೆ ಸರಿಯಾಗಿ ಮೂರು ಅಕ್ಷರದಷ್ಟು ಉದ್ದವಿತ್ತು. ಅದನ್ನು ನಮ್ಮ ಹೇಮಾವತಿ ನೋಡಿದಳು.

ಗಂಡನ ಹೆಸರು ಸೇರಿಸೋಣವೆಂದರೆ ಇಬ್ಬರ ಗಂಡಂದಿರೂ ನಾಗರಾಜರು. ಮನೆ ನಂಬರೆಂದರೆ, ಬಡಾವಣೆಯ ನಂಬರುಗಳು ಮೂರು ಸಲ ಬದಲಾಗಿ ಈಗ ಅಂಚೆಯವರೇ ಅವನ್ನು ನಂಬುತ್ತಿರಲಿಲ್ಲ. ಹೀಗೆ ಸಂಧಿಯ ದಾರಿಗಳೆಲ್ಲ ಮುಚ್ಚಿದವು. ಎಂಬತ್ತನಾಲ್ಕು ಗೋಡೆಗಳು ನಮ್ಮ ಹೇಮಾವತಿಯ ಕಣ್ಣೆದುರು ನಿಂತವು. ಆ ಇಡ್ಲಿಯನ್ನು ಕಂಡೂ ಇರದ ಹೊಸ ಸೊಸೆಯರು, ಅಡುಗೆಮನೆಯ ಗೋಡೆಯಲ್ಲಿ ಅದನ್ನು ಓದಿ, ಅತ್ತೆಯರನ್ನು ಕೇಳಿ, ಅತ್ತೆಯರು ನಗುತ್ತ ಹೇಳಿ, ಆ ಕಥೆ ಇನ್ನೂ ಎರಡು ತಲೆಮಾರು ಬಾಳುವುದು ಆಕೆಗೆ ನಿಚ್ಚಳವಾಗಿ ಕಂಡಿತು. ಆಗ ಆಕೆ ಎಡಮಂಡಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಗುಹೆಯಿಂದ ಹೊರಬರುವ ಸಿಂಹಿಣಿಯಂತೆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದಳು.

ಆಕೆ ಅಂದು ಮಾಡಿದ ಘೋಷಣೆಯ ತಾತ್ಪರ್ಯವೇನೆಂದರೆ: ಸೂರ್ಯಚಂದ್ರರಿರುವವರೆಗೂ, ಸಪ್ತಸಾಗರಗಳು ತಮ್ಮ ಮೇರೆಯನ್ನು ಮೀರದಿರುವವರೆಗೂ, ಜನನಿಯಿಂದ ದತ್ತವಾದ ನಿಷ್ಕಳಂಕ ನಾಮಧೇಯವನ್ನು ಅನ್ಯ ವಿಶೇಷಣದ ಸಂಪರ್ಕವಿಲ್ಲದೆ ಧರಿಸುವೆನೇ ಹೊರತು ಬೇರಾವ ಒಡಂಬಡಿಕೆಗೂ ತಲೆಬಾಗೆನು. ಆಡುಮಾತಿನಲ್ಲಿ ಆಕೆ ಅಂದದ್ದು ಇಷ್ಟೇ: "ಈ ಸಲ ನನ್ ಹೆಸರಿನ ಹಿಂದೆ ಮುಂದೆ ಏನೂ ಬೇಡ ಚಂದ್ರಕಲಾ. ಸಾಕಾಗಿದೆ."

ಅತ್ತ ಕೋರ್ಟ್ ಹೇಮಾವತಿಯೂ ಎದ್ದಳು. ಆಕೆಗೂ ತನ್ನದೊಂದು ಅಳಲಿತ್ತು. ಯಜಮಾನರು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಕಟಕಟೆಯನ್ನಾಗಲಿ ಕಡತವನ್ನಾಗಲಿ ಜನ್ಮದಲ್ಲಿ ಮುಟ್ಟದ ತಾನು, ಇಷ್ಟು ಹೆಂಗಸರಿಗೆ ರವಿಕೆ ಕತ್ತರಿಸಲು ಕಲಿಸಿದ ತಾನು, ಇನ್ನೂ ಗಂಡನ ಕಚೇರಿಯನ್ನು ನೆತ್ತಿಯ ಮೇಲೆ ಹೊರಬೇಕೆ ಎಂಬುದು ಆಕೆಯ ವಾದ. ಎರಡೂ ಕಡೆಯ ನ್ಯಾಯ ಸಮತೂಕವಾಗಿ ತೂಗಿತು.

ಆಗ ಸಮಾಜದ ಅಧ್ಯಕ್ಷೆ, ಎಂಬತ್ತೊಂದು ವಸಂತಗಳ ವಯೋವೃದ್ಧೆ ಸರ್ವಮಂಗಳಮ್ಮನವರು ತೀರ್ಪು ಕೊಟ್ಟರು: "ಹೇಮಾವತಿ ಅನ್ನೋ ಹೆಸರಿರೋ ಜನಾನೋ, ವಸ್ತುನೋ, ಒಬ್ಬೊಬ್ರಾಗಿ ಹೇಳ್ತಾ ಹೋಗಿ. ಯಾರಿಗೆ ಮೊದಲು ಸರಕು ಮುಗಿಯುತ್ತೋ ಅವರು ಸೋತಂಗೆ. ಹೆಸರಿನ ಬಗ್ಗೆ ಯಾರಿಗೆ ಜಾಸ್ತಿ ಗೊತ್ತೋ, ಹೆಸರು ಅವರಿಗೆ ಸಲ್ಲಲಿ."

ದುಂದುಭಿಯ ಬದಲು ಸ್ಟೀಲ್ ತಟ್ಟೆಯ ಮೇಲೆ ಚಮಚ ಬಡಿಯಿತು. ನಾಮಸಮರ ಮೊದಲಾಯಿತು.

ಮೊದಲ ಬಾಣ ಕೋರ್ಟ್ ಹೇಮಾವತಿಯದು. ಜಾವಳಿಯಲ್ಲಿ ಜನಿಸಿ, ಬೆಟ್ಟಗಳಿಂದಿಳಿದು, ಕಾವೇರಿಯ ತೋಳು ಸೇರುವ ಸಾಕ್ಷಾತ್ ಹೇಮಾವತೀ ನದಿಯನ್ನೇ ಆಕೆ ಹೂಡಿದಳು. ಊರಿಗೆ ನಾಲೆಯಲ್ಲಿ ಹರಿದುಬಂದು ನಲ್ಲಿಯಲ್ಲಿ ಇಳಿಯುವವಳೂ ಅವಳೇ ಎಂದು ಸೇರಿಸಿದಾಗ, ಆ ನೀರಿನಲ್ಲಿ ಮಾಡಿದ ಕಾಫಿಯನ್ನು ಹೀರುತ್ತಿದ್ದ ಸೇನೆ ತಲೆದೂಗಿತು. ನಮ್ಮ ಹೇಮಾವತಿ ವಿಚಲಿತಳಾಗಲಿಲ್ಲ. ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲಿ ಐವತ್ತೆಂಟನೆಯದಾದ ಹೇಮವತಿ ರಾಗವನ್ನು ಬತ್ತಳಿಕೆಯಿಂದ ತೆಗೆದಳು. "ಅದು ಹೇಮವತಿ, 'ಮ'ಕ್ಕೆ ದೀರ್ಘ ಇಲ್ಲ," ಎಂದು ಎದುರಾಳಿ ಆಕ್ಷೇಪಿಸಿದಳು. ಹಾಡುವಾಗ ಹೇಗೂ ಎಳೆಯುತ್ತಾರೆಂದು ಸರ್ವಮಂಗಳಮ್ಮನವರು ದೀರ್ಘವನ್ನು ಮಂಜೂರು ಮಾಡಿದರು.

ಕೋರ್ಟ್ ಹೇಮಾವತಿ ಗೊರೂರಿನ ಅಣೆಕಟ್ಟನ್ನು ಎತ್ತಿ ಎಸೆದಳು. ನಮ್ಮ ಹೇಮಾವತಿ, ಒಂದಾನೊಂದು ಕಾಲದಲ್ಲಿ ಹೆಂಜೇರು ಎನ್ನಿಸಿಕೊಂಡು ನೊಳಂಬ ಅರಸರು ಆಳಿದ ಹೇಮಾವತಿ ಎಂಬ ಊರನ್ನೇ, ಅದರ ಕಲ್ಲಿನ ಗುಡಿಗಳ ಸಮೇತ ಎದುರಿಗಿಟ್ಟಳು. ಅದು ಈಗ ಆಂಧ್ರಕ್ಕೆ ಸೇರಿದೆಯೆಂಬ ತಕರಾರು ಊರ್ಜಿತವಾಗಲಿಲ್ಲ. ಆಗ ಕೋರ್ಟ್ ಹೇಮಾವತಿ ಹಿಮವಂತನ ಮಗಳಾದ ಜಗನ್ಮಾತೆಯನ್ನೇ ನೆರವಿಗೆ ಕರೆದಳು.

"ಅದು ಹೈಮವತಿ," ಎಂದಳು ನಮ್ಮ ಹೇಮಾವತಿ, ಶಾಲೆಯ ಹಳೆಯ ದನಿಯಲ್ಲಿ. "ಅಲ್ಲಿ ಐತ್ವ ಇದೆ. ದೀರ್ಘ ಆದ್ರೆ ಎಳೀಬಹುದು, ಐತ್ವ ಎಲ್ಲಿಂದ ಕೀಳ್ತೀರ?"

ಜಗನ್ಮಾತೆ ತಿರಸ್ಕೃತಳಾದಳು. ಕೋರ್ಟ್ ಹೇಮಾವತಿಯ ಮುಖ ಕೆಂಪೇರಿತು. ಆದರೆ ಅಷ್ಟೊಂದು ಕೋಪದಲ್ಲಿಯೂ, ಎದುರಾಳಿಯ ಹಣೆಯಲ್ಲಿ ಬೆವರು ಸಾಲಿಟ್ಟದ್ದನ್ನು ಕಂಡು, ವಾಗ್ಬಾಣಗಳ ಮಳೆಯನ್ನು ಒಂದಿಷ್ಟೂ ನಿಲ್ಲಿಸದೆ, ಟೇಬಲ್ ಫ್ಯಾನಿನ ಮುಖವನ್ನು ಆ ಕಡೆಗೆ ತಿರುಗಿಸಿದಳು. ಯುದ್ಧದ ಗದ್ದಲದಲ್ಲಿ ಇದನ್ನು ಯಾರೂ ಗಮನಿಸಲಿಲ್ಲ. ಗಾಳಿ ತಾಗಿದವಳು ಗಮನಿಸಿದಳು.

ಆಮೇಲೆ ದೊಡ್ಡ ಅಸ್ತ್ರಗಳು ತೀರಿ, ಕೈಗೆ ಸಿಕ್ಕ ಕಲ್ಲುಕಡ್ಡಿಗಳ ಹೋರಾಟ ಶುರುವಾಯಿತು. ಬೆಳಗಿನ ಎಂಟೂ ಕಾಲಿಗೆ ಹೊನ್ನವಳ್ಳಿಯಿಂದ ಹೊರಟು ಎಂದೂ ಹೊತ್ತಿಗೆ ಸರಿಯಾಗಿ ತಲುಪದ ಹೇಮಾವತಿ ಬಸ್ಸು ಒಂದು ಕಡೆಯಿಂದ ಬಂತು. ಮೂರು ಸೇರು ಹಾಲು ಕೊಟ್ಟು, ಕರೆಯುವವರನ್ನು ಬಿಟ್ಟು ಉಳಿದೆಲ್ಲರನ್ನೂ ಒದೆಯುತ್ತಿದ್ದ ಹುಳಿಯಾರಿನ ಸೋದರಮಾವನ ಮನೆಯ ಹೇಮಾವತಿ ಎಂಬ ಎಮ್ಮೆ ಇನ್ನೊಂದು ಕಡೆಯಿಂದ ಬಂತು. ಕೋರ್ಟ್ ಹೇಮಾವತಿ ತನ್ನ ಹೊಲಿಗೆ ಯಂತ್ರಕ್ಕೆ ತಾನೇ ಆ ಹೆಸರಿಟ್ಟಿರುವುದಾಗಿ ಸಾರಿದಳು. ಯಾವಾಗ ಇಟ್ಟಿರೆಂದು ಕೇಳಿದ್ದಕ್ಕೆ, ಈಗ ತಾನೇ ಎಂದು ಒಪ್ಪಿಕೊಂಡಳು. ಸಭೆ ನಕ್ಕು ನಕ್ಕು ಅದನ್ನು ಎಣಿಕೆಗೆ ತೆಗೆದುಕೊಂಡಿತು.

ಈಗ ನಮ್ಮ ಹೇಮಾವತಿಯ ಸರದಿ. ಆಕೆ ಮೆಲ್ಲಗೆ ಹೇಳಿದಳು: "ನಮ್ಮೂರಿನ ಆಸ್ಪತ್ರೇಲಿ ಹೇಮಾವತಿ ಅಂತ ಒಬ್ರು ನರ್ಸ್ ಇದ್ರಂತೆ. ನಾನು ಹುಟ್ಟಿದಾಗ ಅಳ್ಲೇ ಇಲ್ವಂತೆ, ಮೈ ನೀಲಿ ತಿರುಗಿತ್ತಂತೆ. ಬೇರೆಯವರೆಲ್ಲ ಕೈಬಿಟ್ರೂ ಅವರು ಬಿಡದೆ ಒಂದು ಗಂಟೆ ಬೆನ್ನು ತಿಕ್ಕಿದ್ರಂತೆ. ಅಮ್ಮ ಅವರ ಹೆಸರೇ ನನಗಿಟ್ಟಳು."

ಸರ್ವಮಂಗಳಮ್ಮನವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಕೋರ್ಟ್ ಹೇಮಾವತಿ ಉತ್ತರಕ್ಕಾಗಿ ಬಾಯಿ ತೆರೆದಳು. ಹದಿನಾಲ್ಕು ಕುರ್ಚಿಗಳು ಮುಂದಕ್ಕೆ ಬಾಗಿದವು. ಜಯಲಕ್ಷ್ಮಿ ಯಾರ ಕೊರಳನ್ನು ಅಲಂಕರಿಸಬೇಕೆಂದು ಮಾಲೆ ಹಿಡಿದು ಅನುಮಾನಿಸುತ್ತ ನಿಂತಿದ್ದ ಆ ಮಹಾಕ್ಷಣದಲ್ಲಿ, ಬೀದಿಯಿಂದ, ಸೈಕಲ್ಲಿನ ಮೇಲಿಂದ, ನೀರು ಬಿಡುವ ಮಲ್ಲಣ್ಣನ ಕೂಗು ಕೇಳಿಸಿತು.

"ಅಮ್ಮಾರೇ, ಹೇಮಾವತಿ ಬಂತು."

ಬೋರಿನ ಗಡಸು ನೀರಿನಿಂದ ಬೇರೆಯೆಂದು ತಿಳಿಯಲು ಆ ಊರಿನಲ್ಲಿ ನಲ್ಲಿಯ ಹೊಳೆನೀರಿಗೆ ಹೇಳುವ ಹೆಸರೇ ಅದು. ನಾಲ್ಕು ದಿನಕ್ಕೊಮ್ಮೆ, ಒಂದು ಗಂಟೆ ಕಾಲ. ಸೇನೆ ಕ್ಷಣಾರ್ಧದಲ್ಲಿ ಚದುರಿತು. ಚಪ್ಪಲಿಗಳು ಅದಲುಬದಲಾದವು. ತೀರ್ಪುಗಾರ್ತಿಯೂ ಊರುಗೋಲನ್ನು ಮರೆತು ನಡೆದರು. ಮಹಾರಥಿಗಳಿಬ್ಬರೂ ತಂತಮ್ಮ ಕೊಡಗಳತ್ತ ಧಾವಿಸಿದರು. ಒಬ್ಬಳು ಇಳಿಜಾರಿನಲ್ಲಿ ಸರಸರನೆ, ಇನ್ನೊಬ್ಬಳು ಏರಿನಲ್ಲಿ ಮಂಡಿ ಹಿಡಿದುಕೊಂಡು.

ನಮ್ಮ ಹೇಮಾವತಿಯ ಮನೆ ಬೀದಿಯ ಎತ್ತರದ ತುದಿಯಲ್ಲಿತ್ತು. ಕೆಳಗಿನ ಮನೆಗಳೆಲ್ಲ ತುಂಬಿ ತಣಿದ ಮೇಲೆ ಉಳಿದ ನೀರು ಅಲ್ಲಿಗೆ ಏರಬೇಕು. ಏರುವಷ್ಟರಲ್ಲಿ ಗಂಟೆ ಮುಗಿಯುತ್ತಿತ್ತು. ಅಂದೂ ನಲ್ಲಿಯಿಂದ ದಾರದಷ್ಟು ಸಣ್ಣಗೆ ನೀರು ಇಳಿಯುತ್ತಿತ್ತು. ಆಕೆ ಕೊಡವಿಟ್ಟು, ಮೆಟ್ಟಿಲ ಮೇಲೆ ಕುಳಿತು, ಸೋತೆನೋ ಗೆದ್ದೆನೋ ಎಂದು ಲೆಕ್ಕಹಾಕುತ್ತಿದ್ದಳು. ಇದ್ದಕ್ಕಿದ್ದಂತೆ ಆ ದಾರ ಹಗ್ಗವಾಯಿತು. ಕೊಡ ಭೋರೆಂದು ತುಂಬತೊಡಗಿತು.

ಆಕೆ ಆಶ್ಚರ್ಯದಿಂದ ಗೇಟಿಗೆ ಬಂದು ಕೆಳಗೆ ನೋಡಿದಳು. ಕೋರ್ಟ್ ಹೇಮಾವತಿ ತನ್ನ ನಲ್ಲಿಯನ್ನು ನಿಲ್ಲಿಸಿ, ಮೂರು ಖಾಲಿ ಕೊಡಗಳ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಅಕ್ಕಪಕ್ಕದವರನ್ನೂ ಗದರುತ್ತಿದ್ದಳು. ಹತ್ತು ನಿಮಿಷ ನಿಲ್ಲಿಸಿದರೆ ಯಾರೂ ಬಾಯಾರಿ ಸಾಯುವುದಿಲ್ಲ, ಮಂಡಿ ನೋಯುವವರು ನಾಳೆ ಬೋರಿನ ಬಳಿಗೆ ಹೋಗಿ ಹೊತ್ತು ತರಬೇಕೇನು ಎಂಬುದು ಆ ಗರ್ಜನೆಯ ಸಾರ. ಒಂದೊಂದೇ ಮನೆಯ ನಲ್ಲಿ ನಿಂತಿತು. ನೀರು ಏರಿನುದ್ದಕ್ಕೂ ಹತ್ತಿ ಬಂತು.

ಅಷ್ಟರಲ್ಲಿ ಚಂದ್ರಕಲಾ, ಹಸ್ತಪ್ರತಿಯನ್ನು ಎದೆಗವಚಿಕೊಂಡು, ಸ್ಕೂಟರನ್ನು ಕೋರ್ಟ್ ಹೇಮಾವತಿಯ ಗೇಟಿನ ಮುಂದೆ ನಿಲ್ಲಿಸಿದಳು.

"ಆಂಟಿ, ಪ್ರೆಸ್ಸಿನವರು ಐದಕ್ಕೆ ಬಾಗಿಲು ಹಾಕ್ತಾರೆ. ಮೇಲಿನ್ ಮನೆ ಆಂಟಿಗೆ ಏನಂತ ಬರೀಲಿ?"

ಕೋರ್ಟ್ ಹೇಮಾವತಿ ಒಮ್ಮೆ ಏರಿನತ್ತ ನೋಡಿದಳು.

"ಬರೀ ಹೇಮಾವತಿ ಅಂತ ಬರಿಯಮ್ಮ. ನನಗೆ ಕೋರ್ಟೇ ಇರಲಿ ಬಿಡು, ಅಭ್ಯಾಸ ಆಗಿಹೋಗಿದೆ."

ಆ ಮೇಘಗಂಭೀರ ವಾಣಿ ಏರನ್ನು ಹತ್ತಿ, ಗೇಟನ್ನು ದಾಟಿ, ತುಂಬಿ ಹೊರಚೆಲ್ಲುತ್ತಿದ್ದ ಕೊಡದ ಪಕ್ಕದಲ್ಲಿ ನಿಂತವಳ ಕಿವಿಯನ್ನು ಹೊಕ್ಕಿತು. ಹತ್ತೊಂಬತ್ತು ಸಂವತ್ಸರಗಳ ಭಾರ ಆಕೆಯ ನೆತ್ತಿಯಿಂದ ಇಳಿಯಿತು. ದೇವತೆಗಳು ಪುಷ್ಪವೃಷ್ಟಿ ಕರೆದರು. ಅಥವಾ ಪಕ್ಕದ ಮನೆಯ ಹೊಂಗೆ ಉದುರಿರಬಹುದು. ಆಕೆ ಕೈಯೆತ್ತಿ ಕೆಳಗಿನವಳಿಗೆ ಸಾಕೆಂದು ಸನ್ನೆ ಮಾಡಿದಳು. ಕೆಳಗಿನವಳು ಇನ್ನೊಂದು ಕೊಡ ಹಿಡಿಯೆಂದು ಸನ್ನೆ ಮಾಡಿದಳು. ಆಕೆ ಹಿಡಿದಳು.

ಹತ್ತು ದಿನಗಳ ತರುವಾಯ ಎಂಬತ್ತನಾಲ್ಕು ಗುಲಾಬಿ ಬಣ್ಣದ ಪಟ್ಟಿಗಳು ಎಂಬತ್ತನಾಲ್ಕು ಗೋಡೆಗಳನ್ನು ಏರಿದವು. ಚಂದ್ರಕಲಾ ದೊಡ್ಡವರ ಮಾತನ್ನು ಒಂದಕ್ಷರವೂ ಬಿಡದೆ ಬರೆದುಕೊಳ್ಳುವ ಹುಡುಗಿ. 'ಹ' ಅಕ್ಷರದ ಕೆಳಗೆ ಮೊದಲ ಸಾಲಿನಲ್ಲಿ 'ಕೋರ್ಟ್ ಹೇಮಾವತಿ' ಎಂದಿತ್ತು. ಎರಡನೆಯ ಸಾಲಿನಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ, 'ಬರೀ ಹೇಮಾವತಿ' ಎಂದಿತ್ತು.

ಅಂದು ಮಧ್ಯಾಹ್ನ ಫೋನ್ ಬಂತು. ಎರಡನೇ ಅಡ್ಡರಸ್ತೆಗೆ ಹೊಸದಾಗಿ ಬಂದ ಸೊಸೆ. ದನಿಯಲ್ಲಿ ಬಹಳ ಮರ್ಯಾದೆ.

"ನಮಸ್ಕಾರ ಆಂಟಿ, ಬರೀ ಹೇಮಾವತಿಯವರಾ ಮಾತಾಡ್ತಿರೋದು?"

ಭೂಗೋಳವಿಶಾರದೆ, ನಾಮಸಮರವಿಜೇತೆ, ಒಂದು ಕ್ಷಣ ಗೋಡೆಯ ಮೇಲಿನ ಗುಲಾಬಿ ಹಾಳೆಯನ್ನು ನೋಡಿದಳು.

"ಹೌದಮ್ಮ," ಎಂದಳು. "ಬರೀ ಹೇಮಾವತಿನೇ. ಹೇಳು."