ಕುರ್ಚಿ ಮುರಿಯುವ ಮುಂಚೆ

ಅಳುವಿಗೆ ಇರುವ ಮರ್ಯಾದೆ ನಗುವಿಗೆ ಇಲ್ಲ. ಅಳು ಸ್ವಲ್ಪ ಮುಂಚೆ ಬಂದರೆ ಜನ ‘ಪಾಪ, ಮೆದು ಮನಸ್ಸು’ ಎನ್ನುತ್ತಾರೆ. ತಡವಾಗಿ ಬಂದರೆ ‘ಇಷ್ಟು ಹೊತ್ತು ದುಃಖ ನುಂಗಿಕೊಂಡಿದ್ದ’ ಎನ್ನುತ್ತಾರೆ. ನಗು ಮಾತ್ರ ಸರಿಯಾದ ಗಳಿಗೆಗೇ ಬರಬೇಕು. ತಡವಾದರೆ ದಡ್ಡ ಅನ್ನಿಸಿಕೊಳ್ಳುತ್ತೇವೆ. ಮುಂಚೆಯೇ ಬಂದುಬಿಟ್ಟರೆ ಏನನ್ನಿಸಿಕೊಳ್ಳುತ್ತೇವೆ ಎನ್ನುವುದು ಬಹಳ ಜನಕ್ಕೆ ಗೊತ್ತಿರಲಾರದು. ನನಗೆ ಗೊತ್ತಾಗಿದೆ. ಮಾನ್ವಿಯ ಟಾಕೀಸೊಂದರಲ್ಲಿ, ಹಾಡುಹಗಲೇ, ಬೆಳಗಿನ ಆಟದಲ್ಲಿ ಗೊತ್ತಾಯಿತು. ಇವತ್ತಿಗೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ. ಮಾಸ್ಕು ಹಾಕಿಕೊಂಡು ಓಡಾಡುವ ಕಾಲ ಇಷ್ಟು ಬೇಗ ಮುಗಿಯಬಾರದಿತ್ತು ಎಂದು ಅನ್ನಿಸುವುದೂ ಉಂಟು.

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮಾಸ್ತರ. ಇತಿಹಾಸದಲ್ಲಿ ನಗುವಂಥದ್ದು ಹೆಚ್ಚೇನೂ ಇಲ್ಲ, ಇದ್ದರೂ ಪರೀಕ್ಷೆಗೆ ಕೇಳುವುದಿಲ್ಲ. ಹೀಗಾಗಿ ನನ್ನ ನಗುವೆಲ್ಲ ಸಿನಿಮಾಕ್ಕೇ ಮೀಸಲು. ಈ ನಗು ಬಹಳ ದೊಡ್ಡದು, ನಮ್ಮ ಓಣಿಯ ನಾಯಿಗಳು ಅದಕ್ಕೆ ಉತ್ತರ ಕೊಡುತ್ತವೆ. ಆದರೆ ಸುಳ್ಳು ನಗು ಮಾತ್ರ ನನಗೆ ಸುತರಾಂ ಬರುವುದಿಲ್ಲ. ಹಿಂದೆ ದೇವದುರ್ಗದಲ್ಲಿ ಕೆಲಸಕ್ಕಿದ್ದಾಗ ದೊಡ್ಡ ಅಧಿಕಾರಿಯೊಬ್ಬರು ಶಾಲೆಗೆ ಬಂದು ಒಂದು ನಗೆಹನಿ ಹೇಳಿದರು. ಹೆಡ್ಮಾಸ್ತರರಿಂದ ಹಿಡಿದು ಗಂಟೆ ಬಾರಿಸುವವನ ತನಕ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೊಬ್ಬ ಗೋಡೆ ನೋಡುತ್ತ ನಿಂತಿದ್ದೆ. ‘ನಿಮಗೆ ಅರ್ಥವಾಗಲಿಲ್ಲವೇ?’ ಎಂದು ಅವರು ಕೇಳಿದರು. ‘ಅರ್ಥವಾಯಿತು ಸರ್’ ಎಂದೆ. ಸ್ವಲ್ಪ ದಿನದಲ್ಲೇ ನನಗೆ ಮಾನ್ವಿಗೆ ವರ್ಗವಾಯಿತು. ವರ್ಗಕ್ಕೂ ಆ ನಗೆಹನಿಗೂ ಸಂಬಂಧವಿಲ್ಲ ಎಂದು ನಾನು ನಂಬಿದ್ದೇನೆ. ತವರುಮನೆ ದೇವದುರ್ಗದಲ್ಲಿರುವ ನನ್ನ ಹೆಂಡತಿ ಗಿರಿಜಾ ನಂಬಿಲ್ಲ. ‘ಒಂದೀಟು ಹಲ್ಲು ಕಿಸದಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ನಾನು ನಮ್ಮವ್ವನ ಮನಿ ಮುಂದ ಇರ್ತಿದ್ದೆ’ ಎನ್ನುವುದನ್ನು ಆಕೆ ಈಗಲೂ ಬಿಟ್ಟಿಲ್ಲ.

ಈ ನಗುವಿಗೆ ಬೆಲೆ ಕಟ್ಟಿದವರು ಒಬ್ಬರೇ, ಟಾಕೀಸಿನ ಗಫೂರ್ ಸಾಹೇಬರು. ಅವರು ಟಾಕೀಸಿನ ಮಾಲೀಕರಾದರೂ ಸಿನಿಮಾ ನೋಡುತ್ತಿರಲಿಲ್ಲ. ಹೊಸ ಚಿತ್ರದ ಮೊದಲ ಆಟಕ್ಕೆ ಬಾಗಿಲಿನ ಪರದೆಯ ಮರೆಯಲ್ಲಿ, ಬೆಳ್ಳಿತೆರೆಗೆ ಬೆನ್ನು ಮಾಡಿ, ಜನರ ಕಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಎಲ್ಲಿ ಸೀಟಿ ಬಿತ್ತು, ಎಲ್ಲಿ ಕೆಮ್ಮಿದರು, ಎಲ್ಲಿ ಜನ ಬೀಡಿ ಸೇದಲು ಎದ್ದುಹೋದರು ಎನ್ನುವುದರ ಮೇಲೆ ಚಿತ್ರ ಒಂದು ವಾರವೋ ಎರಡು ವಾರವೋ ಎಂದು ನಿರ್ಧರಿಸುತ್ತಿದ್ದರು. ‘ಪರದಾ ನೋಡಿದ್ರ ಮೋಸ ಹೋಗ್ತೀವ್ರಿ ಮಾಸ್ತರ್, ಮಂದೀನ ಕೇಳಬೇಕು’ ಎನ್ನುತ್ತಿದ್ದರು. ಅದರಲ್ಲೂ ನನ್ನ ನಗು ಅವರಿಗೆ ತಕ್ಕಡಿ ಇದ್ದ ಹಾಗೆ. ‘ನಿಮಗ ಝೂಟಾ ನಗು ಬರಂಗಿಲ್ಲ. ನೀವು ಮೂರು ಕಡೆ ನಕ್ರ ಪಿಕ್ಚರ್ ಇಡತೀನಿ, ಇಲ್ಲಂದ್ರ ಡಬ್ಬಿ ವಾಪಸ್’ ಎಂದು ಎಲ್ಲರೆದುರಿಗೆ ಹೇಳುತ್ತಿದ್ದರು. ಈ ತಕ್ಕಡಿ ಎಷ್ಟೋ ಸಲ ತಪ್ಪು ತೂಗಿದೆ. ನಾನು ಬಿದ್ದುಬಿದ್ದು ನಕ್ಕ ಚಿತ್ರಗಳು ಖಾಲಿ ಕುರ್ಚಿಗಳ ಮುಂದೆ ಓಡಿವೆ, ನಾನು ಆಕಳಿಸಿದ ಚಿತ್ರಕ್ಕೆ ಸಿಂಧನೂರಿನಿಂದ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದಿದ್ದಾರೆ. ಆದರೂ ಅವರು ನನ್ನನ್ನು ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಉತ್ತಮ ಶಿಕ್ಷಕ ಪ್ರಶಸ್ತಿ ಬಾರದಿದ್ದದ್ದಕ್ಕೆ ನಾನು ಒಳಗೊಳಗೇ ಮಾಡಿಕೊಂಡಿದ್ದ ಸಮಾಧಾನ ಇದೇ ಆಗಿತ್ತು.

ಕೊರೊನಾ ಬಂದು ಟಾಕೀಸಿಗೆ ಬೀಗ ಬಿತ್ತು. ಶಾಲೆಗೂ ಬಿತ್ತು ಅನ್ನಿ. ಆದರೆ ಶಾಲೆ ಮುಚ್ಚಿದ್ದರಿಂದ ಬೇಸರಪಟ್ಟವರನ್ನು ನಾನು ಕಂಡಿಲ್ಲ. ಸಾಹೇಬರು ಮಾತ್ರ ದಿನವೂ ಹೋಗಿ ಬೀಗ ತೆಗೆದು, ಕಸ ಗುಡಿಸಿ, ಮಷೀನು ಕೆಡಬಾರದೆಂದು ಸ್ವಲ್ಪ ಹೊತ್ತು ಓಡಿಸಿ ಬರುತ್ತಿದ್ದರು. ದೊಡ್ಡ ಹೀರೋಗಳ ಚಿತ್ರಗಳು ಈ ಹಬ್ಬಕ್ಕೆ ಅಂದವು ಮುಂದಿನ ಹಬ್ಬಕ್ಕೆ ಹೋದವು, ಮುಂದಿನ ಹಬ್ಬದಲ್ಲಿ ಇನ್ನೊಂದು ಅಲೆ ಬಂತು. ಕೆಲವು ಚಿತ್ರಗಳು ಕಾದು ಸಾಕಾಗಿ ನೇರ ಫೋನಿನೊಳಗೇ ಬಿಡುಗಡೆಯಾದವು. ನಾವು ಮಾಸ್ತರರು ಯಾರು ಗೆಲ್ಲುತ್ತಾರೆ, ಯಾರು ಮುಳುಗುತ್ತಾರೆ ಎಂದು ಫೋನಿನಲ್ಲೇ ಗಂಟೆಗಟ್ಟಲೆ ಚರ್ಚಿಸುತ್ತಿದ್ದೆವು. ‘ಜನ ಹಸಿದಾರ, ಟಾಕೀಸ್ ತೆರೆದ ದಿನ ಬಾಗಿಲಾ ಮುರೀತಾರ’ ಎಂದು ಭವಿಷ್ಯ ಹೇಳಿದವನು ನಾನು. ಅದನ್ನು ಯಾರೋ ಸಾಹೇಬರಿಗೂ ಮುಟ್ಟಿಸಿದ್ದರು. ಅಷ್ಟರಲ್ಲಿ ಅಕ್ಕಿ ಗಿರಣಿಯ ಸೇಠ್ ಒಬ್ಬರು ಆ ಟಾಕೀಸಿನ ಮೇಲೆ ಕಣ್ಣು ಹಾಕಿದ್ದರು. ಭತ್ತದ ಚೀಲ ಇಡಲು ಅವರಿಗೆ ಗೋದಾಮು ಬೇಕಾಗಿತ್ತು, ಕಂಬವಿಲ್ಲದ ಅಷ್ಟು ದೊಡ್ಡ ಜಾಗ ಊರಲ್ಲಿ ಬೇರೆ ಇರಲಿಲ್ಲ.

ಟಾಕೀಸು ತೆರೆಯಬಹುದು, ಆದರೆ ಅರ್ಧ ಕುರ್ಚಿ ಖಾಲಿ ಇರಬೇಕು ಎಂದು ಸರ್ಕಾರ ಹೇಳಿದ ಮೇಲೆ ಸಾಹೇಬರು ನಮ್ಮ ಮನೆಗೆ ಬಂದರು. ಮದುವೆಗೆ ಕರೆಯುವವರ ಹಾಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿದ್ದರು. ಒಳಗೆ ಬರಲಿಲ್ಲ, ಗೇಟಿನ ಹೊರಗೇ ನಿಂತರು.

‘ಶುಕ್ರವಾರ ಮೊದಲ ಆಟ ಹಚ್ಚಾಕತ್ತೀನಿ ಮಾಸ್ತರ್. ಕಾಮಿಡಿ ಪಿಕ್ಚರ್. ಹೋದ ವಾರ ರಾಯಚೂರಿಗೆ ಬಂದದ, ಅಲ್ಲಿ ಅಷ್ಟಕ್ಕಷ್ಟ ಅಂತಾರ. ನಾ ರಾಯಚೂರಿನ ಮಾತು ನಂಬಂಗಿಲ್ಲ. ನೀವು ಬರ್ರಿ. ನೀವು ನಕ್ರ ಸೇಠ್‌ಗ ಗೋದಾಮು ಇಲ್ಲ ಅಂತೀನಿ. ನಗಲಿಲ್ಲಂದ್ರ ಚಾವಿ ಕೊಡತೀನಿ. ಕ್ಯಾ ಬೋಲ್ತೇ?’

‘ಬಂದೇ ಬರ್ತೀನ್ರಿ ಸಾಹೇಬ್ರ’ ಎಂದೆ. ಎದೆ ಉಬ್ಬಿತ್ತು. ಇಡೀ ಟಾಕೀಸು ನನ್ನ ನಗುವಿನ ಮೇಲೆ ನಿಂತಿದೆ ಎಂದು ಗಿರಿಜಾಳಿಗೆ ಹೇಳಿದೆ. ‘ಹಂಗಾದ್ರ ಬಿತ್ತು ಬಿಡ್ರಿ’ ಎಂದು ಆಕೆ ಒಳಗೆ ಹೋದಳು.

ಗುರುವಾರ ಮಧ್ಯಾಹ್ನ ದೇವದುರ್ಗದಿಂದ ನನ್ನ ಹೆಂಡತಿಯ ತಮ್ಮ ಬಸವರಾಜ ಬಂದ. ಅಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಉಂಡು ಕೈ ತೊಳೆದವನೇ ಫೋನು ತೆಗೆದು ನೀರಿನ ತಂಬಿಗೆಗೆ ಆನಿಸಿ ಇಟ್ಟ. ‘ಮಾಮಾ, ಹೊಸಾ ಕಾಮಿಡಿ ಪಿಕ್ಚರ್ ಬಂದದ. ಯಾರೋ ಟಾಕೀಸ್‌ನ್ಯಾಗ ಕುಂತು ಹಿಡದಾರ, ನಡುನಡು ಮಂದಿ ತಲಿ ಕಾಣ್ತಾವ. ಆದ್ರೂ ಮಸ್ತ್ ಅದ’ ಎಂದ. ಅದೇ ಚಿತ್ರ! ಕದ್ದ ಮಾಲನ್ನು ಕೊಳ್ಳುವವನೂ ಕಳ್ಳನೇ ಎಂದು ನಾನು ಮಕ್ಕಳಿಗೆ ಹೇಳಿಕೊಡುವವನು. ‘ಛೆ, ಇದೆಲ್ಲ ನನಗ ಸೇರಂಗಿಲ್ಲ’ ಎಂದು ಎದ್ದು ಒಳಕೋಣೆಗೆ ಹೋಗಿ ಪೇಪರು ಹಿಡಿದುಕೊಂಡು ಕೂತೆ. ಹೊರಗೆ ಅಕ್ಕ ತಮ್ಮ ನಗತೊಡಗಿದರು. ಪೇಪರಿನಲ್ಲಿ ಬರೀ ಆಸ್ಪತ್ರೆಯ ಸುದ್ದಿ. ನೀರಡಿಕೆಯಾಯಿತು. ನೀರಿನ ತಂಬಿಗೆ ಎಲ್ಲಿತ್ತು ಎನ್ನುವುದನ್ನು ಮೇಲೆ ಹೇಳಿದ್ದೇನೆ. ಹೋಗಿ ಬಾಗಿಲಲ್ಲಿ ನಿಂತೆ. ಆಮೇಲೆ ಬಾಗಿಲಿಗೆ ಒರಗಿದೆ. ಆಮೇಲೆ ಸುಮ್ಮನೆ ಕಾಲು ನೋಯುತ್ತದೆಂದು ಕೂತೆ. ಕೂತವನು ‘ಬಸು, ಸ್ವಲ್ಪ ಈ ಕಡಿ ತಿರುವು’ ಎಂದೆ. ಚಿತ್ರದಲ್ಲಿ ಹೆಣ್ಣಿನ ಅಪ್ಪ ಗಂಡಿನ ಮನೆಗೆ ಬಂದು ಕಾಲು ಮುರಿದ ಕುರ್ಚಿಯ ಮೇಲೆ ಕೂರುವ ದೃಶ್ಯಕ್ಕೆ ನಾನು ಎಷ್ಟು ನಕ್ಕೆನೆಂದರೆ ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ಮುಗಿದ ಮೇಲೆ ಗಿರಿಜಾ ಕಣ್ಣೊರೆಸಿಕೊಳ್ಳುತ್ತ, ‘ನಾಳಿ ಟಾಕೀಸ್‌ನ್ಯಾಗ ಏನು ನಗತೀರಿ? ಎಲ್ಲಾ ಇಲ್ಲೇ ಮುಗಿಸಿಬಿಟ್ರಲ್ಲ’ ಎಂದಳು. ಇನ್ನೊಮ್ಮೆ ನಕ್ಕರಾಯಿತು, ನಗುವೇನು ಖರ್ಚಾಗಿ ಹೋಗುತ್ತದೆಯೇ ಎಂದು ಧೈರ್ಯ ತಂದುಕೊಂಡೆ.

ಶುಕ್ರವಾರ ಟಾಕೀಸಿನ ಬಾಗಿಲು ಯಾರೂ ಮುರಿಯಲಿಲ್ಲ. ತೆರೆದೇ ಇತ್ತು. ಒಂದು ಬಿಟ್ಟು ಒಂದು ಕುರ್ಚಿಗೆ ಗೋಣಿಚೀಲ ಹೊಲಿಯುವ ಸುತಳಿ ಬಿಗಿದಿದ್ದರು. ಅಷ್ಟು ಕಟ್ಟುವ ಅಗತ್ಯವೇ ಇರಲಿಲ್ಲ. ಬಂದ ಹತ್ತು ಹದಿನೈದು ಜನ ತಾವಾಗಿಯೇ ಊರಿಗೊಬ್ಬರಂತೆ ದೂರದೂರ ಕೂತಿದ್ದರು. ಸಾಹೇಬರು ಎಲ್ಲರ ಕೈಗೂ ತಾವೇ ಸ್ಯಾನಿಟೈಸರ್ ಹಾಕಿದರು, ನನಗೆ ಮಾತ್ರ ಎರಡು ಸಲ. ಆಮೇಲೆ ಹೋಗಿ ಬಾಗಿಲಿನ ಪರದೆಯ ಹಿಂದೆ ನಿಂತರು. ಮೊದಲ ನಗು ಗಟ್ಟಿಯಾಗಿ ಬರಲಿ, ಸಾಹೇಬರಿಗೆ ಚೆನ್ನಾಗಿ ಕೇಳಲಿ ಎಂದು ಮಾಸ್ಕನ್ನು ಗದ್ದಕ್ಕೆ ಇಳಿಸಿ ಕಾದು ಕೂತೆ. ಹೆಣ್ಣಿನ ಅಪ್ಪ ಬಂದ. ಮೂಲೆಯಲ್ಲಿ ಆ ಕುರ್ಚಿ ಕಂಡಿತು. ಅಷ್ಟೇ, ನನ್ನ ಹೊಟ್ಟೆಯೊಳಗಿಂದ ನಗು ಎದ್ದು ಹೊರಗೆ ಬಿತ್ತು. ಇಡೀ ಟಾಕೀಸು ಗಡಗಡಿಸಿತು. ನಕ್ಕವನು ನಾನೊಬ್ಬನೇ. ತೆರೆಯ ಮೇಲೆ ಆ ಮನುಷ್ಯ ಇನ್ನೂ ನಿಂತೇ ಇದ್ದ, ಹೋದ ವರ್ಷ ತೀರಿಕೊಂಡ ಹೆಂಡತಿಯ ಫೋಟೋ ಕೈಯಲ್ಲಿ ಹಿಡಿದು ಕಣ್ಣೀರು ಹಾಕುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಿರುಗಿ ನೋಡಿದರು.

‘ಯಾಕ್ರಿ ಮಾಸ್ತರ್? ಹೆಣ್ತಿ ಸತ್ತಾಳಂತ ಅಂವ ಅಳಾಕತ್ತಾನ, ನೀವು ನಗಾಕತ್ತೀರಲ್ಲ?’

ಆ ವರ್ಷ ಸಾವಿನ ಸುದ್ದಿ ಕೇಳದ ಮನೆ ಇರಲಿಲ್ಲ. ನಾನು ಮಾಸ್ಕನ್ನು ಕಣ್ಣಿನ ತನಕ ಏರಿಸಿಕೊಂಡೆ. ಮರುಗಳಿಗೆಯಲ್ಲಿ ಹೆಣ್ಣಿನ ಅಪ್ಪ ಕೂತ, ಕುರ್ಚಿ ಮುರಿಯಿತು, ಎಲ್ಲರೂ ನಕ್ಕರು, ಆ ಹಿರಿಯರೂ ನಕ್ಕರು. ನನ್ನ ಬಾಯಿಂದ ಒಂದು ಉಸಿರೂ ಹೊರಡಲಿಲ್ಲ. ಮುಂದೆಯೂ ಹೀಗೇ ಆಯಿತು. ನಾನು ತಡೆದುಕೊಂಡಷ್ಟೂ ನಗು ಒಂದು ಹೆಜ್ಜೆ ಮುಂಚೆ ಬಂದು ಜಾರಿಬೀಳುತ್ತಿತ್ತು, ಉಳಿದವರು ನಗುವಾಗ ನಾನು ಅಧಿಕಾರಿಯ ಮುಂದೆ ನಿಂತ ಹಾಗೆ ಕೂತಿರುತ್ತಿದ್ದೆ. ಪರದೆ ಒಂದೆರಡು ಸಲ ಅಲುಗಾಡಿದ್ದು ಕಂಡಿತು.

ಇಂಟರ್ವಲ್ಲಿನಲ್ಲಿ ಸಾಹೇಬರು ತಾವೇ ಚಹಾ ತಂದರು. ಸುತಳಿ ಕಟ್ಟಿದ ಕುರ್ಚಿಯೊಂದನ್ನು ನಡುವೆ ಬಿಟ್ಟು ಆಚೆ ಕೂತರು.

‘ಪಿಕ್ಚರ್ ಮೊದ್ಲ ನೋಡೀರಲ್ಲ ಮಾಸ್ತರ್?’

‘ಹೌದ್ರಿ.’

‘ರಾಯಚೂರಿಗೆ ಹೋಗಿದ್ರೇನು?’

ಆ ದನಿಯಲ್ಲಿ ಆಸೆ ಇತ್ತು. ರಾಯಚೂರಿನದಾದರೂ ಅದೂ ಒಂದು ಟಾಕೀಸೇ ತಾನೇ. ಹೌದು ಎಂದಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ಸುಳ್ಳು ಬರಲಿಲ್ಲ. ‘ಇಲ್ರಿ, ಫೋನಿನ್ಯಾಗ’ ಎಂದೆ.

‘ಫೋನಿನ್ಯಾಗ ಸೌಂಡು ಸರಿ ಬರಂಗಿಲ್ರಿ’ ಎಂದರು. ಬೈದಿದ್ದರೆ ಎಷ್ಟೋ ಮೇಲಿತ್ತು. ‘ನಕ್ರೇನು?’

‘ಭಾಳ ನಕ್ಕೆ.’

‘ಎಲ್ಲೆಲ್ಲಿ?’

ತಪ್ಪು ಮಾಡಿದ ಹುಡುಗ ಪಾಠ ಒಪ್ಪಿಸುವ ಹಾಗೆ ಎಲ್ಲ ಜಾಗಗಳನ್ನೂ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ‘ಅಂದ್ರ ಪಿಕ್ಚರ್ ಚಲೋ ಅದ’ ಎಂದು ಲೋಟ ತೆಗೆದುಕೊಂಡು ಎದ್ದರು. ‘ಪಿಕ್ಚರ್ ಕೆಟ್ಟಿತ್ತಂದ್ರ ಇನ್ನೊಂದು ತರಸತಿದ್ದೆ ಮಾಸ್ತರ್. ಪಿಕ್ಚರ್ ಚಲೋ ಇದ್ದೂ ನೀವು ಮನ್ಯಾಗ ಕುಂತು ನಕ್ರ, ನಾ ಏನು ತರಸಲಿ?’

ಇಂಟರ್ವಲ್ಲಿನ ನಂತರ ಅವರು ಪರದೆಯ ಹಿಂದೆ ನಿಲ್ಲಲಿಲ್ಲ. ಚಿತ್ರ ವಾರ ತುಂಬುವ ಮೊದಲೇ ಹೋಯಿತು, ಚಾವಿ ಸೇಠ್ ಕೈಗೆ ಹೋಯಿತು. ಒಬ್ಬ ಮಾಸ್ತರನ ನಗುವಿನಿಂದ ಟಾಕೀಸು ಮುಚ್ಚುವುದಿಲ್ಲ, ಕಾಲವೇ ಹಾಗಿತ್ತು ಎಂದು ಎಲ್ಲರೂ ಹೇಳುತ್ತಾರೆ. ನಾನೂ ನನಗೆ ಹೇಳಿಕೊಳ್ಳುತ್ತೇನೆ. ಗಿರಿಜಾಳೂ ಈ ಒಂದು ವಿಷಯದಲ್ಲಿ ನನ್ನನ್ನು ಚುಚ್ಚುವುದಿಲ್ಲ. ಆಕೆ ಚುಚ್ಚದೆ ಇರುವುದೇ ನನಗೆ ಹೆಚ್ಚು ಚುಚ್ಚುತ್ತದೆ.

ಈಗ ಅಲ್ಲಿ ಸೂರಿನ ತನಕ ಭತ್ತದ ಚೀಲಗಳಿವೆ. ಸಾಹೇಬರು ಸಂಜೆ ಗೋದಾಮಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ನಾನು ಬೇರೆ ದಾರಿ ಹಿಡಿಯೋಣವೆಂದರೆ ಶಾಲೆಗೆ ಇರುವುದು ಅದೊಂದೇ ದಾರಿ. ಮೊನ್ನೆಯೂ ಕರೆದರು.

‘ಬರ್ರಿ ಮಾಸ್ತರ್. ಹೊಸಾದೊಂದು ಬಂದದಂತಲ್ಲ, ನೋಡೀರೇನು?’

‘ನೋಡೀನ್ರಿ.’

‘ನಕ್ರೇನು?’

ಹಿಂದಿನ ದಿನವಷ್ಟೇ ಬಸು ಕಳಿಸಿದ್ದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ, ಪಕ್ಕೆಲುಬು ಇನ್ನೂ ನೋಯುತ್ತಿತ್ತು. ‘ಇಲ್ರಿ ಸಾಹೇಬ್ರ, ಒಂದು ಕಡೇನೂ ನಗು ಬರಲಿಲ್ಲ’ ಎಂದೆ.

ಅವರ ಮುಖ ಅರಳಿತು. ‘ಹೌದಲ್ಲ? ಮತ್ತ ನಾ ಅದನ್ನ ತರಸತಿರಲೇ ಇಲ್ಲ ಬಿಡ್ರಿ’ ಎಂದು ಪಕ್ಕದಲ್ಲಿ ಕೂತಿದ್ದ ಹಮಾಲರ ಕಡೆಗೆ ತಿರುಗಿದರು. ‘ಕೇಳಿದ್ರೇನು? ಈ ಮಾಸ್ತರಗ ಸುಳ್ಳು ಬರಂಗಿಲ್ಲ.’